ಮುಕ್ಕಾಲು

"ಮುಕ್ಕಾಲು ಓಡು, ಕಾಲು ಉಳಿಸು" ಅಂದಿದ್ದರು ನೈಕರ್ ಡಾಕ್ಟರಮ್ಮ,
ನನ್ನ ಎಲುಬಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು.
ಕೂದಲೆಳೆಯಷ್ಟು ಬಿರುಕು ಕೂಡಿಕೊಂಡ ಜಾಗ
ಬೆಳ್ಳಗೆ, ಒಗೆದರೂ ಹೋಗದ ಗಂಜಿಯ ಕಲೆಯ ಹಾಗೆ.
ಒಗೆಯುವುದು ನನಗೆ ಗೊತ್ತು. ಡರ್ಬನ್ನಿನ ಆಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷದಿಂದ ರೋಗಿಗಳ ಹಾಸಿಗೆ ಬಟ್ಟೆ.
ಯಾವ ಕಲೆ ಹೋಗುತ್ತದೆ,
ಯಾವುದು ಬಟ್ಟೆಯ ಜೊತೆಗೇ ಸಾಯುತ್ತದೆ,
ಮೂಸಿ ಹೇಳಬಲ್ಲೆ.

ಜೂನ್ ತಿಂಗಳ ಚಳಿ. ಬೆಳಗಿನ ಐದೂವರೆ.
ನಗರಸಭೆಯ ಗಡಿಯಾರದ ಕೆಳಗೆ ಸಾವಿರಾರು ಜನ,
ಎಲ್ಲರಿಗೂ ಒಂದೇ ಮುಲಾಮಿನ ವಾಸನೆ.
ಧ್ವನಿವರ್ಧಕದಲ್ಲಿ ಹುಂಜ ಕೂಗಿತು. ಗುಂಡು ಹಾರಿತು.
ನಾವು ಹಿಂದಿನವರು. ಗೆರೆ ದಾಟುವ ಹೊತ್ತಿಗೆ
ಏಳು ನಿಮಿಷ ಹೋಗಿತ್ತು.

ಭೆಕಾನಿಯ ಬಸ್ಸು ಹತ್ತಿದೆ. ಬಸ್ಸೆಂದರೆ ಬಸ್ಸಲ್ಲ:
ಕೋಲಿಗೆ ರಟ್ಟು ಕಟ್ಟಿ, "ಹನ್ನೆರಡು ಗಂಟೆ" ಎಂದು ಬರೆದು
ಎತ್ತಿ ಹಿಡಿದು ಓಡುವ ಒಬ್ಬ ಮನುಷ್ಯ,
ಅವನ ಬೆನ್ನಿಗೆ ಇನ್ನೂರು ಮಂದಿ.
ನಡಿ ಅಂದರೆ ನಡಿಗೆ, ಓಡು ಅಂದರೆ ಓಟ,
ಹಾಡು ಅಂದರೆ ಉಸಿರಿಲ್ಲದವರೂ ಹಾಡಬೇಕು.
ವಾರವೆಲ್ಲ ಶಾಲೆಯ ಗೇಟು ಕಾಯುವವನು
ಇವತ್ತು ಗೇಟು ಮುಚ್ಚುವ ಮುಂಚೆ
ನಮ್ಮನ್ನು ಮುಟ್ಟಿಸಬೇಕು.

ನನ್ನ ಬಳಿ ಇದ್ದದ್ದು ಒಂದೂಮುಕ್ಕಾಲು ಕಾಲು.
ಮೊದಲ ಗುಡ್ಡದಲ್ಲಿ ಅದು ಮಾತಾಡಲಿಲ್ಲ.
ಎರಡನೆಯದರಲ್ಲಿ ಗೊಣಗಿತು.
ಮೂರನೆಯದರಲ್ಲಿ ಥೇಟು ನನ್ನ ಅತ್ತೆಯ ದನಿ:
"ಯಾರು ಕರೆದಿದ್ದರು ನಿನ್ನನ್ನು?"
ಯಾರೂ ಕರೆದಿರಲಿಲ್ಲ.
ಹೆದರಿದವರು ಕಾಲಿಗೆ ಬುದ್ಧಿ ಹೇಳುತ್ತಾರಂತೆ.
ನಾನೂ ಹೆದರಿದ್ದೆ. ಆದರೆ
ಬುದ್ಧಿ ಇದ್ದದ್ದು ಕಾಲಿನ ಹತ್ತಿರ.

ಇಂಚಾಂಗಾದ ಬಳಿ ಶಾಲೆಯ ಮಕ್ಕಳು ಸಾಲಾಗಿ
ಊರುಗೋಲು, ಗಾಲಿಕುರ್ಚಿ, ಕಬ್ಬಿಣ ಬಿಗಿದ ಕಾಲುಗಳಲ್ಲಿ
ಅಂಗೈ ಚಾಚಿ ನಿಂತಿದ್ದವು.
ಓಡುವವರು ತಟ್ಟಿ ತಟ್ಟಿ ಹೋದರು, ಕೆಲವರು ಅತ್ತುಕೊಂಡು.
ನನ್ನನ್ನು ಒಬ್ಬ ತಡೆದ. ಒಂಬತ್ತು ವರ್ಷ ಇದ್ದೀತು.
ಬಾಗಿ ನನ್ನ ಮೀನಖಂಡದ ಟೇಪು ನೋಡಿದ,
ಟೈಲರು ಇನ್ನೊಬ್ಬ ಟೈಲರಿನ ಹೊಲಿಗೆ ನೋಡುವ ಹಾಗೆ.
"ನೀಲಿಯದಾ? ನೀಲಿ ಬೆವರಿಗೆ ಬಿಟ್ಟುಕೊಳ್ಳುತ್ತೆ.
ಮುಂದಿನ ಸಲ ಕಂದು ಹಾಕಿಸು."
ಅಷ್ಟೇ. ಮುಂದಿನ ಕೈ ತಟ್ಟಲು ತಿರುಗಿದ.

ಕೇಟೋ ರಿಡ್ಜ್ ದಾಟುವಾಗ ಟೇಪಿನ ತುದಿ ಎದ್ದಿತ್ತು,
ಹೆಜ್ಜೆಗೊಮ್ಮೆ ಪಟ್, ಹೆಜ್ಜೆಗೊಮ್ಮೆ ಪಟ್.
ಕ್ಯಾಂಪರ್‌ಡೌನ್. ಅರವತ್ತೈದು ಕಿಲೋಮೀಟರು.
ಎಂಬತ್ತೇಳರಲ್ಲಿ ಮುಕ್ಕಾಲು.

ನೋವಿರಲಿಲ್ಲ. ನೋವಿದ್ದಿದ್ದರೆ ಹಟಕ್ಕೆ ಓಡುತ್ತಿದ್ದೆ.
ಇದ್ದದ್ದು ಬರೀ ಬಿಸಿ, ನಾಣ್ಯದಷ್ಟಗಲ,
ಹಳೆಯ ಬಿರುಕಿನ ನೆತ್ತಿಯ ಮೇಲೆ.
ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡುವ ಮೊದಲು
ಒಂದು ವಾಸನೆ ಬರುತ್ತದೆ. ಹೊಗೆಯಲ್ಲ, ಹೊಗೆಗೂ ಮುಂಚಿನದು.
ಕೈ ಆಗಲೇ ಎತ್ತಬೇಕು.
ಹೊಸಬರು ಇನ್ನೊಂದು ಸಲ ಎಳೆಯುತ್ತಾರೆ.

"ಇಳೀತೀನಿ" ಅಂದೆ.
ಭೆಕಾನಿ ಹಿಂದೆ ನೋಡಲಿಲ್ಲ, ಬೋರ್ಡು ಮಾತ್ರ ಅಲ್ಲಾಡಿಸಿದ:
"ಝೋಡ್ವಾ ಇಳೀತಾಳೆ, ದಾರಿ ಬಿಡ್ರೋ!"
ಇನ್ನೂರು ಮಂದಿ ಸೀಳಿ, ನನ್ನನ್ನು ಹೊರಗೆ ಹಾಕಿ, ಕೂಡಿಕೊಂಡರು.
ತಿರುವಿನ ಆಚೆಯೂ ಸ್ವಲ್ಪ ಹೊತ್ತು
ಹಾಡು ಕೇಳುತ್ತಿತ್ತು.

ಮಾಂಸ ಸುಡುತ್ತಿದ್ದ ಕೆಂಪು ಕತ್ತಿನ ಮುದುಕ
ತನ್ನ ಮಡಚುವ ಕುರ್ಚಿ ಬಿಟ್ಟುಕೊಟ್ಟ,
ಕೈಗೆ ಉಪ್ಪು ಹಚ್ಚಿದ ಆಲೂಗಡ್ಡೆ ಇಟ್ಟ.
ಕೇಳಲಿಲ್ಲ ಏನನ್ನೂ.

ಆಮೇಲೆ ನಿಜವಾದ ಬಸ್ಸು ಬಂತು,
ಉಳಿದವರನ್ನು ಗುಡಿಸಿಕೊಂಡು ಹೋಗುವ ಬಸ್ಸು.
ಒಳಗೆ ಹನ್ನೊಂದು ಜನ. ಯಾರೂ ಯಾರ ಮುಖ ನೋಡುತ್ತಿಲ್ಲ.
ಕಾಲನ್ನು ಎದುರಿನ ಸೀಟಿನ ಮೇಲೆ ಇಟ್ಟೆ,
ಅದೂ ಟಿಕೆಟ್ಟು ತೆಗೆದುಕೊಂಡಿದೆ ಎಂಬಂತೆ.
ನೀಲಿ ಟೇಪು ಕಿತ್ತೆ, ಕೂದಲ ಸಮೇತ.
ಕಣ್ಣಲ್ಲಿ ನೀರು ಬಂದದ್ದು ಆಗಲೇ.
ಕೂದಲಿಗೆ ಅಂದುಕೊಳ್ಳಲಿ ಪಕ್ಕದವನು.

ನಾಳೆ ಆರಕ್ಕೆ ಷಿಫ್ಟು.
ಕಂದು ಟೇಪು ಎಲ್ಲಿ ಸಿಗುತ್ತದೆ, ಕೇಳಬೇಕು.